ಎದುರಿನ ಬಟ್ಟಲು

“ಇನ್ಮೇಲೆ ನಿನ್ನ ಯಾರ್ ಮುಂದೂ ಬಿಟ್ಕೊಡಕ್ಕಿಲ್ಲ ಕಣಮ್ಮಿ. ಮಾದಪ್ಪನಾಣೆ!”

ಒಂದನೇ ಕ್ಲಾಸಿನ ಮೊದಲ ದಿನ ನಂಜಮಣಿ ಹೀಗೆ ಆಣೆ ಇಟ್ಟಿದ್ದಳು. ಅಂಥದ್ದೇನಾಗಿತ್ತು ಅಂತೀರಾ? ಮೂಗು ಸುರಿಸಿಕೊಂಡು ಬಾಗಿಲಲ್ಲಿ ಅಳುತ್ತಾ ನಿಂತಿದ್ದವಳಿಗೆ ಆಶಾರಾಣಿ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಕೊಟ್ಟಿದ್ದಳು. ಅಷ್ಟೇ. ಆ ಒಂದು ಗೇಣು ಜಾಗಕ್ಕೆ ನಂಜಮಣಿ ಐದನೇ ಕ್ಲಾಸಿಗೆ ಬಂದರೂ ಬಾಡಿಗೆ ಕಟ್ಟುತ್ತಲೇ ಇದ್ದಳು.

ಆಶಾರಾಣಿಯ ಬ್ಯಾಗು ಹೊರುವವಳು ನಂಜಮಣಿ. ಅವಳ ಬಾಟಲಿಗೆ ನೀರು ತುಂಬುವವಳು ನಂಜಮಣಿ. ಆಶಾರಾಣಿ ಜೋಕ್ ಹೇಳಿದರೆ, ಅದು ಮುಗಿಯುವ ಮೊದಲೇ ನಗುವವಳೂ ಇವಳೇ. ಬೆಳಗ್ಗೆ ಆಶಾರಾಣಿ ಮುಖ ಗಂಟು ಹಾಕಿಕೊಂಡಿದ್ದರೆ ಸಾಕು, ‘ನಾನೇನು ತಪ್ಪು ಮಾಡಿದೆ?’ ಎಂದು ಸಂಜೆವರೆಗೂ ತಲೆ ಕೆಡಿಸಿಕೊಳ್ಳುತ್ತಿದ್ದಳು. ಆಶಾರಾಣಿಗೆ ಹಲ್ಲುನೋವು ಇದ್ದಿರಬಹುದು ಎಂದು ಈ ಜಾಣೆಗೆ ಹೊಳೆಯುತ್ತಲೇ ಇರಲಿಲ್ಲ.

“ಲೇ ಆಶಾ, ಬಾಗ್ಲು ಮೆತ್ತಗೆ ಆಕಮ್ಮಿ!” ಎನ್ನುತ್ತಿದ್ದ ಅದೇ ಕ್ಲಾಸಿನ ನಿಂಗರಾಜು. “ನಿನ್ ಬಾಲ ಸಿಕ್ಕಾಕ್ಕಂಡಾತು!”

“ನಿಂಗೇನ್ಲಾ? ಓಗ್ಲಾ!” ಎಂದು ನಂಜಮಣಿ ಬೈಯುತ್ತಿದ್ದಳು.

ಆಶಾರಾಣಿ ಮಾತ್ರ ನಿಂಗರಾಜುವಿನ ಜೊತೆ ಸೇರಿ ನಗುತ್ತಿದ್ದಳು. ಅದನ್ನು ನಂಜಮಣಿ ನೋಡಿಯೂ ನೋಡದಂತೆ ಇರುತ್ತಿದ್ದಳು.

ಈ ಸಲ ಹನೂರಿನ ಕಾಂಪಿಟೇಶನ್‌ಗೆ ಶಾಲೆಯಿಂದ ಬೀಸು ಕಂಸಾಳೆ ಟೀಮ್ ಹೊರಟಿತ್ತು. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ಕಂಚಿನ ತಟ್ಟೆ. ಕುಣಿಯುತ್ತಾ ಕುಣಿಯುತ್ತಾ ತಟ್ಟೆಯನ್ನು ಬೀಸಿ ಎದುರಿನವರ ಬಟ್ಟಲಿಗೆ ‘ಝಣ್’ ಎಂದು ಹೊಡೆಯಬೇಕು. ಅದೇ ಹೊತ್ತಿಗೆ ಅವರೂ ನಮ್ಮ ಬಟ್ಟಲಿಗೆ ಹೊಡೆಯುತ್ತಾರೆ.

ಆಶಾರಾಣಿ ಸಾಲಿನ ನಟ್ಟನಡುವೆ. ಅವಳ ಎದುರಿಗೆ? ಇನ್ಯಾರು, ನಂಜಮಣಿ.

ಆಶಾರಾಣಿ ಕುಣಿದರೆ ನೋಡಲು ಚೆಂದ. ಆದರೆ ಅವಳ ತಟ್ಟೆಗೆ ಗುರಿಯೇ ಇರಲಿಲ್ಲ. ಒಮ್ಮೆ ಎಡಕ್ಕೆ ಹೋದರೆ ಇನ್ನೊಮ್ಮೆ ಬಲಕ್ಕೆ. ಅದು ಎಲ್ಲಿಗೆ ಹೋದರೆ ನಂಜಮಣಿ ಅಲ್ಲಿಗೇ ವಾಲಿ ಬಟ್ಟಲು ಒಡ್ಡುತ್ತಿದ್ದಳು. ‘ಝಣ್!’ ಆಶಾರಾಣಿ ಸರಿಯಾಗಿಯೇ ಹೊಡೆದಳು ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದರು. ವಾಲಿ ವಾಲಿ ಹೆಜ್ಜೆ ತಪ್ಪುತ್ತಿದ್ದದ್ದು ನಂಜಮಣಿಯದು.

ಕಂಸಾಳೆ ಕಲಿಸಲು ಬರುತ್ತಿದ್ದ ಪುಟ್ಟಮಾದಯ್ಯ ತಾತನ ಕಣ್ಣಿಗೂ ಅದೇ ಬೀಳುತ್ತಿತ್ತು.

“ಏನಮ್ಮಿ ನಂಜಮಣಿ, ನಿನ್ ಬಟ್ಲು ಎಲ್ಲಿಗೆ ಒಂಟದೆ? ಸಂತೆಗಾ? ಎಲ್ರೂ ನೆಟ್ಟಗೆ ಕುಣುದ್ರೆ ನೀನೊಬ್ಳು ವಾಲ್ತೀಯಲ್ಲ!”

ಆಶಾರಾಣಿ ಆಗ ಆಕಾಶ ನೋಡುತ್ತಿದ್ದಳು. ಆಕಾಶದಲ್ಲಿ ಒಂದು ಕಾಗೆಯೂ ಇರುತ್ತಿರಲಿಲ್ಲ.

ಗುರುವಾರ ತಾತನ ತಾಳ್ಮೆ ಮುಗಿಯಿತು. “ನಾಳೆ ಒಂದ್ಸತಿ ನೋಡ್ತೀನಿ. ಇಂಗೇ ವಾಲುದ್ರೆ ನೀನು ಟೀಮಲ್ಲಿ ಬ್ಯಾಡ. ನಿನ್ ಜಾಗಕ್ಕೆ ನಿಂಗರಾಜು.”

ಮನೆಗೆ ಹೋಗುವಾಗ ನಂಜಮಣಿ ಮೆಲ್ಲಗೆ ಕೇಳಿದಳು. “ಆಶಾ, ತಾತನ್ಗೆ ನೀನೇ ಒಂದ್ ಮಾತು ಯೋಳಮ್ಮಿ.”

“ಏನಂತ?”

“ನಾ ಯಾಕೆ ವಾಲ್ತೀನಿ ಅಂತ.”

ಆಶಾರಾಣಿ ನಿಂತುಬಿಟ್ಟಳು. “ಓ! ಅಂದ್ರೆ ನಂಗೇ ಬರಕ್ಕಿಲ್ಲ ಅಂತೀಯಾ?”

“ಇಲ್ಲ ಇಲ್ಲ!”

“ಮತ್ತೆ ಸುಮ್ಕಿರು. ಟೀಮಲ್ಲಿ ಇಲ್ದಿದ್ರೆ ಏನಾತು, ವ್ಯಾನಲ್ಲಿ ಬಾ. ನಮ್ ಚಪ್ಲಿ ನೋಡ್ಕಳಕ್ಕೆ ಒಬ್ರು ಬೇಕಲ್ಲ.”

ಬೇರೆ ಯಾರಾದರೂ ಆಗಿದ್ದರೆ ಅವಳ ಬ್ಯಾಗನ್ನು ಅಲ್ಲೇ ರಸ್ತೆಗೆ ಕುಕ್ಕುತ್ತಿದ್ದರು. ನಮ್ಮ ನಂಜಮಣಿ? ‘ಬಾ ಅಂದಳಲ್ಲ!’ ಎಂದು ಖುಷಿಪಟ್ಟಳು! ಖುಷಿಪಟ್ಟು, ಎರಡೂ ಬ್ಯಾಗು ಹೊತ್ತುಕೊಂಡು ನಡೆದಳು.

ಆದರೆ ಊಟಕ್ಕೆ ಕೂತು ಮುದ್ದೆ ಮುರಿಯುವಾಗ ಆ ಚಪ್ಪಲಿಗಳು ಕಣ್ಣಮುಂದೆ ಬಂದವು. ಅಲ್ಲಿ ಎಲ್ಲರೂ ಬರಿಗಾಲಲ್ಲಿ ಕುಣಿಯುತ್ತಿದ್ದಾರೆ. ಇಲ್ಲಿ ಸಾಲಾಗಿ ಬಿಟ್ಟ ಚಪ್ಪಲಿ. ಅವುಗಳ ಪಕ್ಕದಲ್ಲಿ, ಇನ್ನೊಂದು ಚಪ್ಪಲಿಯ ಹಾಗೆ, ತಾನು. ಅವ್ವ ಮೇಲೆ ಮೇಲೆ ಸಾರು ಬಿಟ್ಟರೂ ಮುರಿದ ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಶುಕ್ರವಾರ ಇಡೀ ಶಾಲೆ ಮೈದಾನದ ಸುತ್ತ ಕೂತಿತ್ತು. ಹೆಡ್‌ಮೇಷ್ಟ್ರು ಕುರ್ಚಿ ಹಾಕಿಸಿಕೊಂಡಿದ್ದರು. ತಾತ ಪದ ಎತ್ತಿದರು. ಹೆಜ್ಜೆ ಶುರುವಾಯಿತು. ಝಣ್! ಝಣ್!

ಮೂರನೇ ಸುತ್ತಿನಲ್ಲಿ ಆಶಾರಾಣಿಯ ತಟ್ಟೆ ಎಡಕ್ಕೆ ಹೊರಟಿತು.

ನಂಜಮಣಿಯ ಕೈಯೂ ಎಡಕ್ಕೆ ಹೊರಟಿತು. ಅದಕ್ಕೆ ಅಭ್ಯಾಸವಾಗಿಬಿಟ್ಟಿತ್ತಲ್ಲ. ಆದರೆ ಅರ್ಧ ದಾರಿಯಲ್ಲಿ ಕೈ ನಿಂತಿತು. ಬಟ್ಟಲು ತನ್ನ ಜಾಗಕ್ಕೆ ವಾಪಸು ಬಂತು.

ಆಶಾರಾಣಿಯ ತಟ್ಟೆ ಗಾಳಿಗೆ ಬೀಸಿ, ತಿರುಗಿ, ದಾರ ಅವಳ ಮಣಿಕಟ್ಟಿಗೇ ಸುತ್ತಿಕೊಂಡಿತು. ನಂಜಮಣಿಯ ತಟ್ಟೆ ಮಾತ್ರ ಎದುರಿನ ಬಟ್ಟಲಿಗೆ ನೆಟ್ಟಗೆ ಬಿತ್ತು. ಝಣ್!

“ಬಟ್ಲು ಕೊಡೇ!” ಎಂದು ಆಶಾರಾಣಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ನಂಜಮಣಿ ಕೊಡಲಿಲ್ಲ. ಹೆಜ್ಜೆಯೂ ತಪ್ಪಲಿಲ್ಲ.

ಕೂತಿದ್ದ ಮಕ್ಕಳು ಕಿಸಕ್ಕೆಂದರು. ತಾತ ಪದ ನಿಲ್ಲಿಸಿದರು. ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದರು.

“ಓಹೋಹೋ! ಇಷ್ಟ್ ದಿನ ನಾನು ಬೈದದ್ದು ಯಾರ್ನ? ಆಶಾರಾಣಿ, ಬಟ್ಲು ಎಲ್ಲದೆ ಅಂತ ನೀ ನೋಡ್ಬೇಕು ಕಣವ್ವ. ಅದು ನಿನ್ನ ಉಡುಕ್ಕಂಡ್ ಬರಕ್ಕಿಲ್ಲ. ನಂಜಮಣಿ, ನೀ ಎಲ್ಲೂ ಓಗ್ಬ್ಯಾಡ. ಅಲ್ಲೇ ನಿಂತ್ಕ.”

ಎಲ್ಲರೂ ನೀರು ಕುಡಿಯಲು ಹೋದ ಮೇಲೆ ಆಶಾರಾಣಿ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು.

“ಎಲ್ರ ಮುಂದೂ ನನ್ನ ಬಿಟ್ಕೊಟ್ಟಲ್ಲಮ್ಮಿ! ಆಣೆ ಇಟ್ಟಿದ್ದೆ ನೀನು.”

ನಂಜಮಣಿಯ ನಾಲಿಗೆ ತುದಿಗೆ ‘ಸಾರಿ’ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಆಶಾರಾಣಿಗೆ ಸಿಟ್ಟು ಬಂದರೆ ಏನೋ ದೊಡ್ಡದು ಆಗಿಬಿಡುತ್ತದೆ ಎಂದು ಇಷ್ಟು ದಿನ ಹೆದರಿದ್ದಳು. ಈಗ ಸಿಟ್ಟು ಬಂದಿತ್ತು. ಆ ದೊಡ್ಡದಕ್ಕಾಗಿ ಕಾದಳು. ಬಿಸಿಲು ಹಾಗೆಯೇ ಇತ್ತು. ಎದುರಿಗೆ ಆಶಾರಾಣಿಯ ಸಿಟ್ಟಿನ ಮುಖವಿತ್ತು. ಅಷ್ಟೇ. ಅದನ್ನು ತಡೆದುಕೊಳ್ಳಬಹುದಾಗಿತ್ತು.

“ಊಂ, ಬಿಟ್ಕೊಟ್ಟೆ” ಎಂದಳು. “ಇನ್ನೊಂದ್ಸತಿ ಬೀಸು. ನಾ ಬಟ್ಲು ಇಲ್ಲೇ ಇಡ್ಕಂಡಿರ್ತೀನಿ.”

ಆಶಾರಾಣಿ ಬೀಸಲಿಲ್ಲ. ಬೆನ್ನು ತಿರುಗಿಸಿ ನಲ್ಲಿಯ ಕಡೆಗೆ ಹೊರಟುಹೋದಳು.

ಒಂದನೇ ಕ್ಲಾಸಿನಲ್ಲಿ ಇಟ್ಟ ಆಣೆಯನ್ನು ನಂಜಮಣಿ ಮುರಿದಿದ್ದಳು.