ರಂಗದಿಂದ ಮಾಯವಾದ ಕಾವೇರಿ

"ಟೀಚರೇ, ಕಾವೇರಿ ಕಳುವಾಗಿದ್ದಾಳೆ!"

ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ ಪೂವಮ್ಮ ಕನ್ನಡಕದ ಮೇಲಿಂದ ನೋಡಿದರು. "ಮೊದಲು ಉಸಿರು ಬಿಡು ನಾಗೇಶ. ಯಾವ ಕಾವೇರಿ?"

"ನಮ್ಮ ನಾಟಕದ ಕಾವೇರಿ! ಆ ನೀಲಿ ಬಟ್ಟೆ ಪೂರ್ತಿ ಮಾಯ. ಸಂಜೆ ನಾಟಕ ಉಂಟು!"

ಪೂವಮ್ಮ ಲೋಟ ಕೆಳಗಿಟ್ಟು ಕೊಡೆ ಕೈಗೆತ್ತಿಕೊಂಡರು. ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು ಅವರು. ಊರಲ್ಲಿ ಯಾರಿಗೂ ಬಿಡಿಸಲಾಗದ ಒಗಟು ಕೊನೆಗೆ ಅವರ ಜಗಲಿಗೇ ಬರುತ್ತಿತ್ತು. ಹಾಗೆ ಬಂದಾಗಲೆಲ್ಲ ಅವರ ಹಿಂದೆ ಓಡಾಡುವವನು ಶಾಲಾಮೇಷ್ಟ್ರು ನಾಗೇಶ್ವರ. ಈ ಸಲ ಒಗಟು ಅವನ ಕೊರಳಿಗೇ ಸುತ್ತಿಕೊಂಡಿತ್ತು.

ನಾಟಕ ಸಂಘಕ್ಕೆ ಹೊರಗಿನವರೊಬ್ಬರನ್ನು ಕರೆಸೋಣ ಎಂದು ಹಟ ಹಿಡಿದವನು ಕಾರ್ಯದರ್ಶಿಯಾದ ಅವನೇ. ಹತ್ತು ವರ್ಷದಿಂದ ಅಗಸ್ತ್ಯ ಮುನಿ ರಂಗದ ನಡುವೆ ಮಣೆ ಹಾಕಿ ಕೂತು ನದಿಯನ್ನು ವರ್ಣಿಸುತ್ತಲೇ ಇದ್ದ, ಜನ ಆಕಳಿಸುತ್ತಲೇ ಇದ್ದರು. ಮೈಸೂರಿನಿಂದ ಬಂದ ರಂಗಸಜ್ಜಿಕೆಯ ಸಿದ್ದರಾಜು ಮಾಸ್ತರರು ಒಂದೇ ಮಾತು ಹೇಳಿದ್ದರು: "ವರ್ಣನೆ ಯಾಕೆ ಸ್ವಾಮಿ? ನದೀನೇ ತರೋಣ." ಮುನಿಯನ್ನು ಬದಿಯ ಮರದಡಿಗೆ ಕಳಿಸಿದರು, ಭಾಷಣ ಕತ್ತರಿಸಿದರು. ಕಾಗೆ ಬಂದು ಕೂತು ಮುನಿಯ ಕಮಂಡಲ ಉರುಳಿದೊಡನೆ ತೊಲೆಯ ಮೇಲಿನ ರಾಟೆಯಿಂದ ನೀಲಿ ಬಟ್ಟೆ ಇಳಿದು, ರಂಗವನ್ನೆಲ್ಲ ತುಂಬಿ ಪ್ರೇಕ್ಷಕರತ್ತ ಹರಿಯಬೇಕು. ಅಭ್ಯಾಸದಲ್ಲಿ ಅದನ್ನು ಕಂಡ ದಿನ ನಾಗೇಶ್ವರನಿಗೆ ಮೈ ಜುಮ್ಮೆಂದಿತ್ತು.

ಆದರೆ ಅದು ಐವತ್ತಾರನೇ ಇಸವಿಯ ತುಲಾ ಮಾಸ. ಕೊಡಗು ರಾಜ್ಯ ಮೈಸೂರಿನಲ್ಲಿ ವಿಲೀನವಾಗಲು ದಿನಗಳಷ್ಟೇ ಉಳಿದಿದ್ದವು. ಮೈಸೂರಿನವ ಎಂದರೆ ಹಲವರ ಹುಬ್ಬು ಗಂಟಿಕ್ಕುತ್ತಿತ್ತು.

ನಾಟಕದ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಸಂಘದ ಅಧ್ಯಕ್ಷರು, ಕಾಫಿ ಎಸ್ಟೇಟಿನ ಬೋಜಪ್ಪ, ಕೋಲೂರಿಕೊಂಡು ಗುಡುಗುತ್ತಿದ್ದರು. "ರಾಜ್ಯ ಹೇಗೂ ಮೈಸೂರಿಗೆ ಹೋಗ್ತದೆ. ನಮ್ಮ ಕಾವೇರಮ್ಮನನ್ನೂ ಮೈಸೂರಿನವರೇ ತೋರಿಸಬೇಕಿತ್ತಾ? ಇವತ್ತು ನಾಟಕ ನಿಂತರೆ ಸಂಘವೂ ಮುಚ್ಚಿತು, ತಿಳೀತಾ?"

ನಾಗೇಶ್ವರ ರಂಗದ ನಟ್ಟನಡುವೆ ಇದ್ದ ಅಗಸ್ತ್ಯನ ಮಣೆಯ ಮೇಲೆ ಕುಸಿದು ಕೂತ. ಸಿದ್ದರಾಜು ಅವನತ್ತ ತಿರುಗಿ, "ಅದ್ಯಾಕೆ ಅಲ್ಲಿ..." ಎಂದು ಶುರುಮಾಡಿದರು.

"ನೀವು ಸುಮ್ಮನಿರಿ!" ಎಂದರು ಬೋಜಪ್ಪ. "ಮಾಯಿಲಪ್ಪನ ಕೈ ನೋಡಿ ಮೊದಲು."

ಇಷ್ಟು ವರ್ಷ ಸಂಘದ ಪರದೆಗಳನ್ನು ಬರೆದವನು ಮಾಯಿಲಪ್ಪ. ಅವನ ಬೆರಳೆಲ್ಲ ನೀಲಿಯಾಗಿತ್ತು. "ಬಣ್ಣ ಹಾಕಿದ್ದು ನಾನೇ ಅಲ್ವಾ ಸ್ವಾಮಿ. ಮಾಸ್ತರ್ರೇ ಹೇಳಿಕೊಟ್ಟದ್ದು," ಎಂದು ಅವನು ತೊದಲಿದ. ಯಾರೂ ಕಿವಿಗೊಡಲಿಲ್ಲ. ಪೊಲೀಸರನ್ನು ಕರೆಸುವ ಮಾತೂ ಎದ್ದಿತು.

ಪೂವಮ್ಮ ಹಿಂಬಾಗಿಲು ನೋಡಿ ಬಂದರು. ಅದರ ಚಿಲಕ ಒಳಗಿನಿಂದಲೇ ತೆಗೆದಿತ್ತು. ಮುಂಬಾಗಿಲಿಗೆ ಹಿಂದಿನ ಸಂಜೆ ಬೀಗ ಹಾಕಿದ್ದವನು ನಾಗೇಶ್ವರ. ಅಂದರೆ ಅಭ್ಯಾಸಕ್ಕೆ ಬಂದವರಲ್ಲೇ ಯಾರೋ ಹೊರಡುವ ಮುಂಚೆ ಚಿಲಕ ಸರಿಸಿ ಹೋಗಿದ್ದರು. ತೊಲೆಗೆ ಏಣಿ ಒರಗಿಸಿತ್ತು. ಬಟ್ಟೆಯ ಒಂದು ಎಳೆಯೂ ಹರಿದು ಬಿದ್ದಿರಲಿಲ್ಲ.

"ಈಗ ಎಂತ ಮಾಡುವುದು?" ಎಂದ ನಾಗೇಶ್ವರ.

"ಹೆದರಬೇಡ ಮಾರಾಯ." ಅಗಸ್ತ್ಯನ ಪಾತ್ರದ ವೆಂಕಟಕೃಷ್ಣ ಕೆಮ್ಮುತ್ತ ಮುಂದೆ ಬಂದ. ಭಾಗಮಂಡಲದ ಅರ್ಚಕರ ಮನೆತನದವನು, ನಾಗೇಶ್ವರನ ಬಾಲ್ಯದ ಗೆಳೆಯ. ನಾಟಕಕ್ಕೆಂದು ಬಂದು ಅವನ ಮನೆಯಲ್ಲೇ ಉಳಿದಿದ್ದ. ಗಂಟಲು ಕಟ್ಟಿದ್ದರಿಂದ ಕೈಯಲ್ಲಿ ಮೆಣಸಿನ ಕಷಾಯ ಹಿಡಿದಿದ್ದ. "ಮೊದಲಿನ ಹಾಗೇ ಆಡಿದರಾಯ್ತು. ನನಗೆ ಎಲ್ಲ ಬಾಯಿಗೆ ಬರ್ತದೆ."

ನಾಗೇಶ್ವರನಿಗೆ ಗೆಳೆಯನನ್ನು ಅಪ್ಪಿಕೊಳ್ಳುವಷ್ಟು ಪ್ರೀತಿ ಉಕ್ಕಿತು. ಪೂವಮ್ಮ ಮಾತ್ರ ಸಿದ್ದರಾಜು ಅವರನ್ನು ಮೂಲೆಗೆ ಕರೆದು ಮೆಲ್ಲಗೆ ಏನೋ ಕೇಳಿದರು. ಹಿಂತಿರುಗಿದಾಗ ಅವರ ಕಣ್ಣು ಹೊಳೆಯುತ್ತಿತ್ತು.

"ಎಲ್ಲರೂ ಬೆಂಚಿನಲ್ಲಿ ಕೂತುಕೊಳ್ಳಿ," ಎಂದರು ತರಗತಿಯ ದನಿಯಲ್ಲಿ. "ಬೋಜಪ್ಪನವರಿಗೆ ಹೊರಗಿನವರ ಮೇಲೆ ಸಿಟ್ಟು ಉಂಟು. ಆದರೆ ಆ ಮಂಡಿ ಇಟ್ಟುಕೊಂಡು ಏಣಿ ಹತ್ತುವುದು ಆಗದ ಮಾತು. ಮಾಯಿಲಪ್ಪ ಕದ್ದರೆ ತನ್ನ ಕೈಕೆಲಸವನ್ನೇ ಕದ್ದ ಹಾಗೆ. ಇದು ಹೊಟ್ಟೆಕಿಚ್ಚಿನ ಕಳ್ಳತನವೂ ಅಲ್ಲ. ಕಿಚ್ಚು ಇದ್ದವ ಬಟ್ಟೆಯನ್ನು ಹರಿದು ಹಾಕ್ತಿದ್ದ, ಜೋಪಾನವಾಗಿ ಇಳಿಸಿಕೊಂಡು ಹೋಗ್ತಿರಲಿಲ್ಲ. ಮಾಸ್ತರೇ, ಬೆಳಿಗ್ಗೆ ಒಳಗೆ ಬಂದ ಕೂಡಲೇ ನಿಮಗೆ ಎಂತ ಕಂಡಿತು?"

"ಮಣೆ ಅಮ್ಮ," ಎಂದರು ಸಿದ್ದರಾಜು. "ನಿನ್ನೆ ನಾನೇ ಅದನ್ನ ಮರದಡಿ ಇಟ್ಟು ಹೋಗಿದ್ದೆ. ಬೆಳಿಗ್ಗೆ ರಂಗದ ನಡುವೆ ಇತ್ತು."

ನಾಗೇಶ್ವರ ತಟ್ಟನೆ ಎದ್ದು ನಿಂತ. ಅವನು ಅದರ ಮೇಲೆಯೇ ಕೂತಿದ್ದನಲ್ಲ!

"ಅದರ ಮೇಲೆ ಕೂತರೂ ಕಾಣಲಿಲ್ಲ ನಿನಗೆ," ಎಂದರು ಪೂವಮ್ಮ. "ನನಗೂ ಕಾಣಲಿಲ್ಲ. ಹತ್ತು ವರ್ಷ ಆ ಮಣೆಯನ್ನು ನಡುವೆಯೇ ನೋಡಿದ ಕಣ್ಣು ನಮ್ಮದು. ಇವರಿಗೆ ಆ ಅಭ್ಯಾಸ ಇಲ್ಲ, ಇದ್ದದ್ದು ಇದ್ದ ಹಾಗೆ ಕಂಡಿತು. ಹೊರಗಿನವರನ್ನು ಕರೆಸುವುದು ಮತ್ತೆ ಯಾಕೆ ಅಂತ ತಿಳಿದಿರಿ, ಬೋಜಪ್ಪನವರೇ?"

ಬೋಜಪ್ಪ ಮೀಸೆ ಸವರಿಕೊಂಡರು.

"ಖಾಲಿ ಹಾಲಿನಲ್ಲಿ ಒಬ್ಬನೇ ಆ ಮಣೆಯನ್ನು ನಡುವೆ ಎಳೆದುಕೊಂಡು ಕೂತವ ಯಾರು? ಅಲ್ಲಿ ಕೂತು ಮಾತಾಡಬೇಕು ಅಂತ ಆಸೆ ಇದ್ದವ. ಹೊಸ ನಾಟಕದಲ್ಲಿ ಅಗಸ್ತ್ಯನಿಗೆ ನಾಲ್ಕು ಮಾತು. ಅಷ್ಟಕ್ಕೆ ಗಂಟಲು ಕಟ್ಟುತ್ತದಾ, ವೆಂಕಟಕೃಷ್ಣ? ಅಲ್ಲ, ರಾತ್ರಿ ಇಲ್ಲಿ ಕೂತು ಆ ಹಳೇ ಭಾಷಣ ಹೇಳಿ ಹೇಳಿ ಕಟ್ಟಿತಾ?"

ವೆಂಕಟಕೃಷ್ಣ ಕಷಾಯದ ಲೋಟವನ್ನು ಬೆಂಚಿನ ಮೇಲಿಟ್ಟ. ನಾಗೇಶ್ವರ ಅವನತ್ತ ತಿರುಗಿದ. "ನೀನಾ? ನನ್ನ ಮನೆಯಲ್ಲಿ ಉಂಡು, ಮಲಗಿ..."

"ನಿನ್ನ ಜಗಲಿಯಲ್ಲಿ, ನನ್ನ ಹಾಸಿಗೆ ಸುರುಳಿಯೊಳಗೆ ಉಂಟು," ಎಂದ ವೆಂಕಟಕೃಷ್ಣ, ತಲೆ ಎತ್ತದೆ. "ಸುಡಬೇಕು ಅಂತಿದ್ದೆ. ಅದು ಕಾವೇರಿ, ಮಾರಾಯ. ಬೆಂಕಿ ಹಚ್ಚಲು ಕೈ ಬರಲಿಲ್ಲ. ಆ ಭಾಷಣ ಬಿಟ್ಟರೆ ನನ್ನ ಮಾತನ್ನು ಯಾರು ಕೇಳ್ತಾರೆ ಹೇಳು? ಇಷ್ಟು ಜನ ಕೇಳುವುದು ವರ್ಷಕ್ಕೆ ಒಂದೇ ಸಲ."

ಸಿದ್ದರಾಜು ಅವನ ಎದುರು ಹೋಗಿ ನಿಂತರು. "ಆ ಭಾಷಣ ಒಂದ್ಸಲ ಹೇಳಿ ನೋಡೋಣ."

ವೆಂಕಟಕೃಷ್ಣ ಒಡೆದ ದನಿಯಲ್ಲೇ ಹೇಳಿದ. ಸಿದ್ದರಾಜು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಕೊನೇ ಸಾಲು, 'ಹೋಗಬೇಡ ತಾಯೀ' ಅನ್ನೋದು, ಚೆನ್ನಾಗಿದೆ. ಅದನ್ನ ನಾನು ಕತ್ತರಿಸಬಾರದಿತ್ತು. ನದಿ ನಿಮ್ಮನ್ನ ದಾಟಿ ಹೋಗುವಾಗ ಅದನ್ನ ಹೇಳಿ. ಉಳಿದದ್ದನ್ನ ನದಿಗೆ ಬಿಡಿ."

ನಾಗೇಶ್ವರ ಮನೆಗೆ ಓಡಿದ. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಪೇಟೆಯ ಏರಿನಲ್ಲಿ ಏದುಸಿರು ಬಿಡುತ್ತ ಹಿಂತಿರುಗಿದಾಗ, ಮಾಯಿಲಪ್ಪ ಆಗಲೇ ಏಣಿಯ ಮೇಲಿದ್ದ.

ಸಂಜೆ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಗೆ ಬಂದು ಕೂತಿತು, ಕಮಂಡಲ ಉರುಳಿತು. ತೊಲೆಯಿಂದ ನೀಲಿ ಧುಮುಕಿ, ರಂಗ ತುಂಬಿ, ಅಲೆಯಲೆಯಾಗಿ ಜನರತ್ತ ನುಗ್ಗಿತು. ಮುಂದಿನ ಸಾಲಿನವರು ನೆನೆಯುತ್ತೇವೋ ಎಂಬಂತೆ ಕಾಲು ಮೇಲೆತ್ತಿಕೊಂಡರು. ಒಬ್ಬಾಕೆ ಬಗ್ಗಿ ಬಟ್ಟೆಯನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.

ಪರದೆಯ ಬದಿಯಲ್ಲಿ ನಿಂತಿದ್ದ ನಾಗೇಶ್ವರ ಗೆಳೆಯನ 'ಹೋಗಬೇಡ ತಾಯೀ' ಎಂಬ ಸಾಲಿಗಾಗಿ ಕಾದ. ಸಾಲು ಬರಲಿಲ್ಲ. ಮರದಡಿಯ ಅಗಸ್ತ್ಯ ಎರಡೂ ಕೈ ಚಾಚಿ, ತುಟಿ ಅಲುಗಿಸಲೂ ಆಗದೆ, ಹರಿದು ಹೋಗುತ್ತಿದ್ದ ನದಿಯನ್ನೇ ನೋಡುತ್ತ ನಿಂತಿದ್ದ. ಇಡೀ ಹಾಲು ಅವನನ್ನೇ ನೋಡುತ್ತಿತ್ತು.