ಐದಕ್ಕೆ ಎರಡು

"ನಿಲ್ಸಿ! ಯಾರು ಬಳಸ್ತಾರೆ ಅಂತಾನೇ ಕೇಳದೆ ಅಲಾರಂ ಗಡಿಯಾರಕ್ಕೆ ಹನ್ನೆರಡು ಬಟನ್ ಇಟ್ಬಿಟ್ರಲ್ರೀ!"

ಗ್ರಂಥಾಲಯದ ಚಿಕ್ಕ ಕೋಣೆಯಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತೇ ಇದು. ಅವಳ ಕಣ್ಣಿಂದ ಹಾರಿದ ಕಿಡಿಗೆ ಊರಿನ ಅಷ್ಟೂ ಒಲೆ ಹೊತ್ತಿಕೊಳ್ಳುತ್ತಿದ್ದವು. ಕಮ್ಮಿ ಮಾಡಿಯೇ ಹೇಳುತ್ತಿದ್ದೇನೆ!

"ಅಭ್ಯಾಸ ಮಾಡಿಸೋಕೆ ಬಂದ್ರಾ, ಜಗಳ ಆಡೋಕಾ?"

"ಎರಡಕ್ಕೂ!"

ಬಸ್ ಟಿಕೆಟ್ ಕಂಪನಿಯ ಫೋನಿನಲ್ಲಿ ಆರು ವರ್ಷ ಕೂತು, ಹನ್ನೆರಡು ಕೋಟಿ ಬೈಗುಳ ಕೇಳಿಸಿಕೊಂಡವಳು ಅವಳು. ಆ್ಯಪ್ ಹೇಗಿರಬೇಕೆಂದು ತೀರ್ಮಾನಿಸುವ ಪ್ರಾಡಕ್ಟ್ ಮ್ಯಾನೇಜರ್ ಆಗಿ, ಬೈಗುಳವೇ ಬಾರದಂಥ ಆ್ಯಪ್ ಮಾಡಿಸುತ್ತೇನೆಂಬ ಹಟ. ಅವನು ಡಿಸೈನರ್; ಅವಳಂತೆಯೇ ಆ ಮ್ಯಾನೇಜರ್ ಕೆಲಸದ ಸಂದರ್ಶನಕ್ಕೆ ತಯಾರಿ ನಡೆಸಿದ್ದ. 'ಅಲಾರಂ ಗಡಿಯಾರ ಸುಧಾರಿಸಿ' ಎಂಬಂಥ ಸಂದರ್ಶನದ ಪ್ರಶ್ನೆಗೆ ಒಬ್ಬರು ಯೋಜನೆ ಮುಂದಿಡುವುದು, ಇನ್ನೊಬ್ಬರು ಮುಲಾಜಿಲ್ಲದೆ ತಪ್ಪು ಹೇಳಿ ಐದಕ್ಕೆ ಅಂಕ ಕೊಡುವುದು... ಇದೇ ಅವರ ಒಪ್ಪಂದ.

ಮೂರು ತಿಂಗಳಲ್ಲಿ ಜಗತ್ತಿನ ಎಲ್ಲ ಲಿಫ್ಟು, ಫ್ರಿಜ್ಜು, ಛತ್ರಿಗಳನ್ನು ಇಬ್ಬರೂ ಸುಧಾರಿಸಿ ಮುಗಿಸಿದರು. ಅವನು ನಕ್ಕರೆ ಅವಳಿಗೆ ಮುಂದಿನ ಪ್ರಶ್ನೆಯೇ ಮರೆಯುತ್ತಿತ್ತು.

ಒಂದು ಸಂಜೆ ಅವನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತ.

"ಒಂದು ಯೋಜನೆ ಇದೆ. ಒಂದೇ ಮನೆ, ಕಿಟಕಿ ಹತ್ರ ಎರಡು ಮೇಜು... ಇಬ್ಬರಿಗೆ. ಏನಂತೀರಿ?"

ಅವಳು ಪೆನ್ನು ಎತ್ತಿಕೊಂಡಳು. "ಬಳಕೆದಾರರು ಯಾರೂಂತ ಹೇಳ್ಲಿಲ್ಲ. ಬೇಡಿಕೆ ಇದೆಯಾ ಅಂತ ವಿಚಾರಿಸ್ಲಿಲ್ಲ. ಐದಕ್ಕೆ ಎರಡು!"

ಅವನ ಮುಖ ಸುಣ್ಣವಾಯಿತು. "ಸರಿ... ಗೊತ್ತಾಯ್ತು," ಎಂದವನೇ ಹೊರಟುಹೋದ.

ಮುಂದಿನ ವಾರ ಪೂರ್ತಿ ಅವನ ಸುಳಿವಿಲ್ಲ. 'ಅಂಕ ಧಾರಾಳವಾಗಿ ಕೊಡೋಳು ಇನ್ಯಾರೋ ಸಿಕ್ಕಿರ್ಬೇಕು!' ಎಂದುಕೊಂಡಳು. ಕೊನೆಗೆ ಅಡುಗೆಮನೆಯಲ್ಲಿ ಅಕ್ಕನ ಮುಂದೆ ಎಲ್ಲ ಹೇಳಿಕೊಂಡಳು.

ಅಕ್ಕ ಸೌಟು ಕೆಳಗಿಟ್ಟಳು. "ಲೇ ಮಂಕೇ! ಅದು ಅಭ್ಯಾಸ ಅಲ್ಲ ಕಣೇ... ಅವನು ಮದ್ವೆ ಮಾತಾಡಿದ್ದು!"

"ಅಯ್ಯೋ! ನಾನು ಎರಡು ಕೊಟ್ಬಿಟ್ಟೆನಲ್ಲಕ್ಕಾ!"

"ಪುಣ್ಯಕ್ಕೆ ಸೊನ್ನೆ ಕೊಡ್ಲಿಲ್ಲ. ಹೋಗು, ಓಡು!"

ಓಡಿದಳು ನೋಡಿ... ಬಸ್ಸುಗಳೇ ನಾಚಿ ಪಕ್ಕಕ್ಕೆ ಸರಿದವು! ಅವನ ಆಫೀಸಿನ ಮೂರು ಮಹಡಿಯ ಮೆಟ್ಟಿಲು ಮೂರೇ ಉಸಿರಿಗೆ ಮುಗಿಯಿತು. ಅವನು ಒಬ್ಬನೇ ಕೂತು ಪರದೆಯ ಮೇಲೆ ಒಂದು ಬಟನ್ನನ್ನು ಎಡಕ್ಕೂ ಬಲಕ್ಕೂ ಸರಿಸುತ್ತಿದ್ದ.

"ಅಂಕ ಕೊಟ್ಟಾಯ್ತಲ್ಲ. ಇನ್ನೇನು?" ತಲೆ ಎತ್ತಲಿಲ್ಲ.

"ಅಭ್ಯಾಸ ಅಂದ್ಕೊಂಡೆ ರೀ! ದೇವ್ರಾಣೆ!"

ಬಟನ್ ಅಲ್ಲೇ ನಿಂತಿತು.

"ಹಾಗಾದ್ರೆ... ಈಗ?"

ಕಲಿತ ಉತ್ತರಗಳೆಲ್ಲ ಕೈಕೊಟ್ಟವು. "ನಿಮ್ಮ ಜೊತೆ ಇರ್ಬೇಕು ನಂಗೆ. ಕೆಲ್ಸ ಸಿಕ್ರೂ ಸರಿ, ಸಿಗದಿದ್ರೂ ಸರಿ," ಎಂದಳು. ಕಣ್ಣು ತುಂಬಿತ್ತು.

ಅವನು ನಿಧಾನವಾಗಿ ನಕ್ಕ. "ನಾಳೆ ನಿಮ್ಮ ಸಂದರ್ಶನ ಅಲ್ವಾ? ಓದೋದು ಬಿಟ್ಟು ಬಂದ್ರಾ?"

"ಓದಿದ್ದು ಜಾಸ್ತಿಯಾಗಿಯೇ ಹೀಗಾಯ್ತು!"

ಕುರ್ಚಿ ಎಳೆದು ಅವಳನ್ನು ಕೂರಿಸಿದ. "ಬಾಕಿ ಏನಿದೆ ಹೇಳಿ, ಮುಗಿಸೋಣ."

"ಇವತ್ತು ಬೇಡ... ಸುಮ್ನೆ ಪಕ್ಕದಲ್ಲಿರಿ."

"ಸುಮ್ನೆ ಇರೋಕೆ ಬರಲ್ಲ ನಂಗೆ."

ಅವಳು ಅವನ ಬೆರಳು ಹಿಡಿದುಕೊಂಡಳು. "ಕಲಿಸ್ತೀನಿ. ನಂಗೇನೂ ಅವಸರ ಇಲ್ಲ."