ಸಂತೆ ದಿನದ ತೂಕ

ಕ್ಯಾರೋಲಿನ್ ಬಾಯಿ ಸುಲೋಚನಮ್ಮನವರ ಮನೆಗೆ ಬಂದಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೆಗ್ಗದ್ದೆಯಿಂದ ಸಕಲೇಶಪುರದವರೆಗೆ ಲಾರಿಯಲ್ಲಿ ನಿಂತೇ ಬಂದಿದ್ದರು. ರೀಟಾ ಬಿಸಿನೀರು ತಂದು ಅವರ ಕಾಲಿಗೆ ಹಾಕಿದಳು.

"ಸುಲೋಚನಮ್ಮೋರೇ, ಇವತ್ತು ಸಂಜೆ ಎಲಿಯಾಸನ್ನ ಹಾಸನದ ಜೈಲಿಗೆ ಕರ್ಕಂಡೋಗ್ತಾರಂತೆ. ನನ್ ಮಗ ಕೊಲೆ ಮಾಡೋನಲ್ಲ ಕಣ್ರೀ."

ಸುಲೋಚನಮ್ಮ ಹಾಸನದ ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಬಿಡಿಸಲಾಗದ ಗಂಟು ಬಿದ್ದಾಗ ಊರಿನ ಜನ ಅವರ ಬಾಗಿಲು ತಟ್ಟುತ್ತಿದ್ದರು. ಅವರೊಂದಿಗೆ ಹೋಗುತ್ತಿದ್ದವಳು ಪಕ್ಕದ ಮನೆಯ ನರ್ಸ್ ರೀಟಾ.

ಅದು ಸಾವಿರದ ಒಂಬೈನೂರ ಎಂಬತ್ತಮೂರರ ಕಾಫಿ ಕೊಯ್ಲಿನ ಕಾಲ. ಹಿಂದಿನ ದಿನ ಸಂಜೆ ಐದಕ್ಕೆ ಹೆಗ್ಗದ್ದೆಯಲ್ಲಿ ರೊಸಾರಿಯೋ ಅವರ ತೋಟದ ತೂಕದ ಶೆಡ್ಡಿನಲ್ಲಿ ಬಾಂಬ್ ಸಿಡಿದು ಕಾವಲುಗಾರ ಜವರಯ್ಯ ಸತ್ತಿದ್ದ. ಬೇರೆ ಸೀಮೆಯಿಂದ ಕೂಲಿಗೆ ಬಂದು ಹಣ್ಣು ಕೊಯ್ಯುವ ಹೆಂಗಸರು ಸಂಜೆ ಚೀಲ ಹೊತ್ತು ತಂದು ಸಾಲು ನಿಲ್ಲುತ್ತಿದ್ದದ್ದು ಅಲ್ಲೇ.

"ಮಗ ಬದಲಾಗಿದ್ದನಾ?" ತೋಟಕ್ಕೆ ಹೊರಟ ಜೀಪಿನಲ್ಲಿ ಸುಲೋಚನಮ್ಮ ಕೇಳಿದರು.

"ಮಂಗ್ಳೂರಿಗೆ ಓದಕ್ಕೆ ಹೋಗಿ ಬಂದ್ಮೇಲೆ ಬೇರೇನೇ ಆಗ್ಬುಟ್ಟ. ಹಳೇ ಗೆಳೆಯರ ಸಾವಾಸ ಬಿಟ್ಟ. ಗಿಟಾರು ಯಾರಿಗೋ ಕೊಟ್ಬುಟ್ಟ. ಊಟಕ್ಕೆ ಕೂತ್ರೂ 'ನಾವು, ಅವರು' ಅಂತ ಅದೇ ಮಾತು. ವಯಸ್ಸಿನ ಹುಚ್ಚು ಅಂತ ಸುಮ್ನಿದ್ದೆ. ಹೋದ ಶನಿವಾರ ಮಂಗ್ಳೂರಿಂದ ಬಂದು ನಮ್ಮನೇಲಿರೋ ಅವನ ಗೆಳೆಯ ಫೆಲಿಕ್ಸೇ ವಾಸಿ. ಮಾರನೇ ದಿನ ಭಾನುವಾರವೇ ಚರ್ಚಲ್ಲಿ ಪೂಜೆ ಮುಗಿಸಿ, ಸಂಜೆ ಹಣ್ಣಿನ ತೂಕ ನೋಡಿ, 'ಪಾಪ, ಈ ಹೆಂಗಸರಿಗೆ ಒಂದಿನಾನೂ ರಜೆಯಿಲ್ಲ' ಅಂತ ಮರುಗಿದ."

ಶೆಡ್ಡಿನ ಉಳಿದ ಗೋಡೆಯ ಮೇಲೆ ಕೆಂಪಕ್ಷರಗಳಿದ್ದವು: ಬೇರೆ ಸೀಮೆಯ ಕೂಲಿಗಳೇ, ಬೆಟ್ಟ ಬಿಡಿ.

"ಅದನ್ನು ಬರೆದದ್ದು ಎಲಿಯಾಸ್. ಒಪ್ಪಿಕೊಂಡಿದ್ದಾನೆ" ಎಂದರು ಇನ್ಸ್‌ಪೆಕ್ಟರ್ ಶಾಂತಮಲ್ಲಪ್ಪ. "ಬರೆದದ್ದಕ್ಕೆ ಜವರಯ್ಯ ಕಪಾಳಕ್ಕೆ ಹೊಡೆದಿದ್ದ. ಆ ಹಗೆಗೆ ಯಾರೂ ಇಲ್ಲದ ದಿನ ನೋಡಿ ಮುಗಿಸಿದ. ಅಲಾರಂ ಗಡಿಯಾರದ ಚೂರು ಸಿಕ್ಕಿದೆ. ಬಾಂಬ್ ಐದಕ್ಕೇ ಸಿಡಿಯೋ ಹಾಗೆ ಇಟ್ಟಿದ್ದ."

"ಯಾರೂ ಇಲ್ಲದ ದಿನವೇ?" ಸುಲೋಚನಮ್ಮ ಕೇಳಿದರು.

ಉತ್ತರ ಕೊಟ್ಟವಳು ಜವರಯ್ಯನ ಹೆಂಡತಿ ಮಾರಮ್ಮ. "ನಿನ್ನೆ ಸಂತೆ ಅಲ್ವಾ ತಾಯಿ. ಸಂತೆ ದಿನವೇ ತೋಟಕ್ಕೆ ವಾರದ ರಜೆ, ಕೂಲಿ ಲೈನಿನ ಮನೆಗಳೆಲ್ಲ ಖಾಲಿ. ಇವ್ರೊಬ್ರೇ ಕಾವಲಿಗಿದ್ರು. ಹೊಗೆಸೊಪ್ಪು ತಾ ಅಂತ ನನ್ನ ಸಂತೆಗೆ ಕಳ್ಸಿದ್ರು."

ಅವಳ ಮಡಿಲಲ್ಲಿ ಆ ಹೊಗೆಸೊಪ್ಪು ಇನ್ನೂ ಇತ್ತು. ಪಂಚನಾಮೆಗೆಂದು ಪೊಲೀಸರು ಕರೆತಂದಿದ್ದ ಎಲಿಯಾಸ್ ಕೈಗೆ ಕೋಳ ಬಿದ್ದು ಕಂಬಕ್ಕೊರಗಿ ಕುಳಿತಿದ್ದ. ಮಾರಮ್ಮ ಅವನ ಮುಂದೆ ಒಂದು ಲೋಟ ಕಾಫಿ ಇಟ್ಟಳು. "ಬೆಳಗಿಂದ ಏನೂ ಕುಡ್ದಿಲ್ಲ ನೀನು" ಎಂದಳು. ಅವನು ಲೋಟ ಮುಟ್ಟಲಿಲ್ಲ. ರೀಟಾ ಮುಖ ತಿರುಗಿಸಿಕೊಂಡಳು.

ಅಲ್ಲೇ ನಿಂತಿದ್ದ ಫೆಲಿಕ್ಸ್ ನಯವಾಗಿ ಮಾತಾಡಿದ. "ಬೆಳಗ್ಗೆಯೇ ಮಾರನಹಳ್ಳಿಗೆ ಹೋಗಿದ್ದೆ ಮೇಡಂ. ಸಂಜೆ ಅಲ್ಲಿನ ಹೋಟೆಲಲ್ಲಿ ಕೂತಿದ್ದಾಗ ತೋಟದ ಮೇಸ್ತ್ರಿ ಪುಟ್ಟಸ್ವಾಮಿ ಸುದ್ದಿ ತಂದರು."

"ಹೌದ್ರೀ. ತೂಕದ ಶೆಡ್ ಹಾರೋಯ್ತು ಅಂದೆ ಅಷ್ಟೇ. 'ಎಷ್ಟು ಹೆಂಗಸರು ಹೋದರು?' ಅಂತ ಕೇಳ್ದ, ಪಾಪ" ಎಂದ ಪುಟ್ಟಸ್ವಾಮಿ.

ಮೃದು ಮನಸ್ಸಿನ ಹುಡುಗ ಎಂದುಕೊಂಡಳು ರೀಟಾ.

ಸುಲೋಚನಮ್ಮ ಎಲ್ಲರನ್ನೂ ರೊಸಾರಿಯೋ ಅವರ ಜಗಲಿಯಲ್ಲಿ ಕೂರಿಸಿದರು.

"ಜವರಯ್ಯನೊಬ್ಬನೇ ಸಾಯಬೇಕಿದ್ದರೆ ಯಾವ ಹೊತ್ತಾದರೂ ಆಗುತ್ತಿತ್ತು. ಐದು ಗಂಟೆ ತೂಕದ ಹೊತ್ತು. ಬಾಂಬ್ ಇಟ್ಟವನು ಆ ಹೆಂಗಸರ ಸಾಲಿಗೆ ಇಟ್ಟ."

"ಸಾಲೇ ಇರಲಿಲ್ಲವಲ್ಲ" ಎಂದರು ರೊಸಾರಿಯೋ.

"ಅದು ಅವನಿಗೆ ಗೊತ್ತಿರಲಿಲ್ಲ. ಎಲಿಯಾಸ್ ಈ ಲೈನಿನ ಪಕ್ಕದಲ್ಲೇ ಬೆಳೆದವನು. ಸಂತೆ ದಿನ ತೂಕವಿಲ್ಲ ಅಂತ ಇಲ್ಲಿನ ಮಗುವಿಗೂ ಗೊತ್ತು. ಭಾನುವಾರ ತೂಕ ನಡೆದದ್ದನ್ನು ಕಂಡು, ಇವರಿಗೆ ರಜೆಯೇ ಇಲ್ಲ ಅಂತ ತಿಳಿದವನು ಒಬ್ಬನೇ. ಸಂತೆ ದಿನ ಶೆಡ್ ಹಾರಿತು ಅಂದರೆ ಈ ಸೀಮೆಯವರು 'ಅಲ್ಲಿ ಯಾರಿದ್ರು?' ಅನ್ನುತ್ತಾರೆ. ಎಷ್ಟು ಹೆಂಗಸರು ಅಂತ ಕೇಳಿದವನೂ ಅವನೇ."

ಎಲ್ಲರ ಕಣ್ಣು ಫೆಲಿಕ್ಸನ ಮೇಲೆ ಹೋಯಿತು.

"ಆ ಹೆಂಗಸರ ಮೇಲೆ ಅವನಿಗೇನು ಹಗೆ?" ಇನ್ಸ್‌ಪೆಕ್ಟರ್ ಕೇಳಿದರು.

"ಏನೂ ಇಲ್ಲ. ಹಗೆಯ ಕೊಲೆಗಾರನಿಗೆ ತನಗೆ ಆಗದವನು ಸತ್ತರೆ ಸಾಕು. ಭಯೋತ್ಪಾದಕನಿಗೆ ಸಾಯುವವರು ಯಾರಾದರೂ ಆದೀತು. ಅವನ ಕಣ್ಣಿರುವುದು ಬದುಕಿ ಉಳಿದವರ ಮೇಲೆ. ಅವರು ಹೆದರಿ ಅವನು ಹೇಳಿದಂತೆ ಬೆಟ್ಟ ಬಿಡಬೇಕು. ಇನ್ನು ಎಲಿಯಾಸ್ ಹಳೆಯ ಗೆಳೆಯರು, ಗಿಟಾರು ಎಲ್ಲ ಬಿಟ್ಟದ್ದನ್ನು ವಯಸ್ಸಿನ ಹುಚ್ಚು ಅಂದುಕೊಂಡೆವು. ಅವನು ಯಾರದೋ ಕೈಗೆ ಸಿಕ್ಕುತ್ತಿದ್ದಾನೆ ಅಂತ ಅದರ ಅರ್ಥ. ಯಾರ ಕೈ ಅಂತ ನಾವ್ಯಾರೂ ಕೇಳಲಿಲ್ಲ."

"ತಾನೇ ಮಂಗ್ಳೂರಿಂದ ಬಂದು ಹೊರಗಿನೋರು ಹೋಗ್ಲಿ ಅಂತಾನಲ್ಲ ಮಾರಾಯ" ಎಂದು ಪುಟ್ಟಸ್ವಾಮಿ ಗೊಣಗಿದ.

"ಎಲ್ಲ ಊಹೆ" ಎಂದ ಫೆಲಿಕ್ಸ್.

ಎಲಿಯಾಸ್ ತಲೆಯೆತ್ತದೆ ಮಾತಾಡಿದ. "ತೂಕ ಎಷ್ಟೊತ್ತಿಗೆ ಅಂತ ಫೆಲಿಕ್ಸ್ ಕೇಳ್ದ, ಹೇಳ್ದೆ. ಬೇಗ ಏಳ್ಬೇಕು ಅಂದ, ನಮ್ಮಪ್ಪನ ಅಲಾರಂ ಗಡಿಯಾರ ಕೊಟ್ಟೆ. ಸಿಡಿದ ಮೇಲೆ ಗೊತ್ತಾಯ್ತು. ಬಾಯಿ ಬಿಟ್ರೆ ನಮ್ಮೋರಿಗೆ ದ್ರೋಹಿ ಆಗ್ತೀಯ ಅಂದ." ಅವನು ಮಾರಮ್ಮನತ್ತ ತಿರುಗಿದ. "ಕಾಫಿ ಕೊಡಬಾರ್ದಿತ್ತು ನೀನು."

ಓಡಲು ಎದ್ದ ಫೆಲಿಕ್ಸನನ್ನು ಪುಟ್ಟಸ್ವಾಮಿ ಅಡ್ಡಗಟ್ಟಿದ. ಎಲಿಯಾಸನ ಕೈಯಿಂದ ಬಿಚ್ಚಿದ ಕೋಳ ಫೆಲಿಕ್ಸನ ಕೈಗೆ ಬಿತ್ತು. ಎಲಿಯಾಸ್ ಸಾಕ್ಷಿ ಹೇಳುವುದೆಂದಾಯಿತು. ಕ್ಯಾರೋಲಿನ್ ಬಾಯಿ ಮಗನ ಮಣಿಕಟ್ಟು ಸವರುತ್ತಲೇ ಇದ್ದರು.

"ನನ್ ಗಂಡ ಆ ಫೆಲಿಕ್ಸನಿಗೆ ಏನ್ ಮಾಡಿದ್ರು?" ಮಾರಮ್ಮ ಕೇಳಿದಳು.

"ಏನೂ ಮಾಡಿರಲಿಲ್ಲ ಮಾರಮ್ಮ" ಎಂದರು ಸುಲೋಚನಮ್ಮ.

ಅವಳು ಮಡಿಲಿನ ಹೊಗೆಸೊಪ್ಪನ್ನು ಬಿಚ್ಚಿ, ಮತ್ತೆ ಮಡಚಿ ಕಟ್ಟಿಕೊಂಡಳು.

ವಾರ ಕಳೆದು ರೀಟಾ ಮಾರಮ್ಮನನ್ನು ನೋಡಲು ತೋಟಕ್ಕೆ ಹೋದಾಗ ಹೆದರಿ ಊರಿಗೆ ಮರಳಿದವರ ಮನೆಗಳು, ಲೈನಿನ ಅರ್ಧದಷ್ಟು, ಬೀಗ ಬಿದ್ದಿದ್ದವು. ಎಲಿಯಾಸ್ ತಕ್ಕಡಿಯನ್ನು ಬಯಲಿಗೆ ತಂದು ಮರಕ್ಕೆ ತೂಗುಹಾಕಿದ್ದ. ಐದಾಯಿತು. ಉಳಿದ ಹೆಂಗಸರು ಬಂದರು. ಸಾಲು ಕಟ್ಟಲಿಲ್ಲ, ದೂರ ದೂರ, ಒಳಗೇನಿದೆಯೋ ಎಂದು ಒಬ್ಬರ ಚೀಲವನ್ನು ಒಬ್ಬರು ನೋಡುತ್ತ ನಿಂತರು.